ಲೆಕ್ಕ ಕೇಳುವ ಹಕ್ಕು: ಗಾಂವ್ಕಾರಿಯಿಂದ ಫಾತೋರ್ಡಾದ ವಾರ್ಡಿನವರೆಗೆ

ಸ್ಥಳೀಯ ಆಡಳಿತದ ಚರಿತ್ರೆಯನ್ನು ಸಾಮಾನ್ಯವಾಗಿ ಆಳುವವರ ಕಡೆಯಿಂದಲೇ ಬರೆಯಲಾಗುತ್ತದೆ. ಯಾವ ಕಾಯ್ದೆ ಬಂದಿತು, ಯಾರು ಅಧಿಕಾರ ವಹಿಸಿಕೊಂಡರು ಎಂಬುದೇ ಅದರ ಕಥನ. ಲೆಕ್ಕ ಕೇಳುವವರ ಕಡೆಯಿಂದ ನೋಡಿದರೆ ಬೇರೆ ಎರಡು ಪ್ರಶ್ನೆಗಳು ಎದುರಾಗುತ್ತವೆ: ಸಭೆಯಲ್ಲಿ ಕೂರುವ ಅರ್ಹತೆ ಯಾರಿಗಿತ್ತು? ಲೆಕ್ಕದ ಪುಸ್ತಕ ಯಾರು ಓದಬಲ್ಲ ಭಾಷೆಯಲ್ಲಿತ್ತು? ಮಡಗಾಂವ್ ನಗರಸಭೆಯ ವ್ಯಾಪ್ತಿಯಲ್ಲಿರುವ ಫಾತೋರ್ಡಾವನ್ನು ನಿಮಿತ್ತವಾಗಿಟ್ಟುಕೊಂಡು ಈ ಪ್ರಶ್ನೆಗಳನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಹೋಲಿಕೆಗೆ ಒದಗುವ ಮೊದಲ ಸಂಸ್ಥೆ ಗ್ರ್ಯಾಂಡ್ ಜ್ಯೂರಿ. ಇದರ ಮೂಲವನ್ನು ಇಂಗ್ಲೆಂಡಿನ ದೊರೆ ಎರಡನೆಯ ಹೆನ್ರಿ 1166ರಲ್ಲಿ ಹೊರಡಿಸಿದ ಕ್ಲಾರೆಂಡನ್ ಶಾಸನದಲ್ಲಿ ಗುರುತಿಸಲಾಗುತ್ತದೆ. ಅಪರಾಧಗಳನ್ನು ದೊರೆಯ ನ್ಯಾಯಾಧೀಶರ ಗಮನಕ್ಕೆ ತರಬೇಕಾಗಿದ್ದ ಈ ಊರ ಪಂಚರು ಕಾಲಾನಂತರ ಆಡಳಿತವನ್ನೂ ಪ್ರಶ್ನಿಸತೊಡಗಿದರು. ಇಂದಿಗೂ ಕ್ಯಾಲಿಫೋರ್ನಿಯಾದ 58 ಕೌಂಟಿಗಳಲ್ಲಿ ಪ್ರತಿವರ್ಷ ನಾಗರಿಕರ ಗ್ರ್ಯಾಂಡ್ ಜ್ಯೂರಿ ರಚನೆಯಾಗುತ್ತದೆ. ಬಹುತೇಕ ಕಡೆ 19 ಜನರ ಈ ಮಂಡಳಿಯ ಅಂತಿಮ ಆಯ್ಕೆ ಚೀಟಿ ಎತ್ತುವ ಮೂಲಕ ನಡೆಯುತ್ತದೆ. ಅದು ಕಡತಗಳನ್ನು ತರಿಸಿಕೊಂಡು, ಅಧಿಕಾರಿಗಳನ್ನು ವಿಚಾರಿಸಿ ವರದಿ ಪ್ರಕಟಿಸುತ್ತದೆ. ಆಜ್ಞಾಪಿಸುವ ಅಧಿಕಾರ ಅದಕ್ಕಿಲ್ಲ; ಆದರೆ ಸಂಬಂಧಪಟ್ಟ ಆಡಳಿತ ಮಂಡಳಿ 90 ದಿನಗಳೊಳಗೆ ಲಿಖಿತ ಉತ್ತರ ನೀಡಲೇಬೇಕು. ಅಲ್ಲಿಯೂ ಒಂದು ಹೊಸ್ತಿಲಿದೆ: ಇಂಗ್ಲಿಷಿನ ಸಾಕಷ್ಟು ಜ್ಞಾನವಿಲ್ಲದವರು ಸದಸ್ಯರಾಗುವಂತಿಲ್ಲ.

ಚೀಟಿ ಎತ್ತುವ ಪದ್ಧತಿ ನಮ್ಮ ನೆಲಕ್ಕೆ ಹೊಸದಲ್ಲ. ಒಂದನೆಯ ಪರಾಂತಕ ಚೋಳನ ಕಾಲದ, ಹತ್ತನೆಯ ಶತಮಾನದ ಉತ್ತರಮೇರೂರು ಶಾಸನಗಳು ಊರ ಸಭೆಯ ಸಮಿತಿಗಳಿಗೆ ಓಲೆಯ ಚೀಟಿ ಎತ್ತಿ ಸದಸ್ಯರನ್ನು ಆರಿಸುವ ಕ್ರಮವನ್ನು ವಿವರಿಸುತ್ತವೆ. ಹಿಂದೆ ಸಮಿತಿಯಲ್ಲಿದ್ದು ಲೆಕ್ಕ ಒಪ್ಪಿಸದವರು ಅನರ್ಹರೆಂಬ ನಿಯಮವೂ ಅವುಗಳಲ್ಲಿದೆ.

ಗೋವೆಯ ಪರಂಪರೆ ಇವೆರಡಕ್ಕಿಂತ ಭಿನ್ನ. ಇಲ್ಲಿನ ಗಾಂವ್ಕಾರಿ ಎಂಬ ಗ್ರಾಮಸಂಸ್ಥೆ ಪೋರ್ಚುಗೀಸರ ಆಗಮನಕ್ಕಿಂತ ಹಳೆಯದು. ಊರಿನ ಮೂಲ ಕುಟುಂಬಗಳ ಗುಂಪುಗಳಿಗೆ ವಾಂಗಡ್ ಎಂದು ಹೆಸರು. ಅವುಗಳ ಪ್ರತಿನಿಧಿಗಳಾದ ಗಾಂವ್ಕಾರರು ಒಟ್ಟಾಗಿ ಕುಳಿತು ಸಾಮುದಾಯಿಕ ಭೂಮಿಯ ಗೇಣಿ, ಕಟ್ಟೆಗಳ ದುರಸ್ತಿ, ದೇವಸ್ಥಾನದ ವೆಚ್ಚ, ದೊರೆಗೆ ಸಲ್ಲಬೇಕಾದ ಕಂದಾಯ ಇವನ್ನು ನಿರ್ಣಯಿಸುತ್ತಿದ್ದರು. ನಿರ್ಣಯಕ್ಕೆ ನೇಮ ಎಂದು ಹೆಸರು. ಅದನ್ನು ಊರಿನ ಕುಲಕರ್ಣಿ ದಾಖಲಿಸುತ್ತಿದ್ದ. ಅಫೊನ್ಸೊ ಮೆಶಿಯಾ 1526ರಲ್ಲಿ ಸಿದ್ಧಪಡಿಸಿದ ಫೊರಾಲ್ ಈ ರೂಢಿಗಳನ್ನು ತಿಸವಾಡಿಯ ಮಟ್ಟಿಗೆ ಲಿಖಿತ ರೂಪಕ್ಕೆ ತಂದಿತು. ಫಾತೋರ್ಡಾ ಸೇರಿರುವ ಸಾಷ್ಟಿ, ಅಂದರೆ ಸಾಲ್ಸೆಟ್, ಪೋರ್ಚುಗೀಸರ ವಶವಾದದ್ದು 1543ರಲ್ಲಿ.

ಕನ್ನಡದ ಓದುಗರಿಗೆ ಇಲ್ಲಿ ಗಮನಾರ್ಹವಾದುದು ಲಿಪಿಯ ಸಂಗತಿ. ಗೋವೆಯ ಕದಂಬರ ಶಾಸನಗಳಲ್ಲಿ ಕನ್ನಡ ಬಳಕೆಯಲ್ಲಿತ್ತು. ಆ ಲಿಪಿಪರಂಪರೆಗೆ ಸೇರಿದ ಗೋಯ್‌ಕಾನಡಿಯಲ್ಲಿ ಕೊಂಕಣಿ, ಮರಾಠಿ ಬರಹಗಳೂ ಗ್ರಾಮಸಂಸ್ಥೆಗಳ ದಾಖಲೆಗಳೂ ರಚನೆಯಾದವು. ಗಜಾನನ ಘಾಂಟ್ಕರ್ ಅವರು 1993ರಲ್ಲಿ ಪ್ರಕಟಿಸಿದ ಸಂಕಲನ ಇಂಥ ದಾಖಲೆಗಳನ್ನು ವಿದ್ವಾಂಸರ ಕೈಗೆ ನೀಡಿತು. ಕಾಲಕ್ರಮೇಣ ಪುಸ್ತಕಗಳ ಭಾಷೆ ಪೋರ್ಚುಗೀಸ್ ಆಯಿತು, ಬರಹಗಾರ ಎಸ್ಕ್ರಿವಾವ್ ಎನಿಸಿಕೊಂಡ. ಸಭೆ ಉಳಿಯಿತು, ಆದರೆ ಪುಸ್ತಕದೊಳಗೆ ಏನಿದೆಯೆಂದು ತಾನೇ ಓದಿ ನೋಡಬಲ್ಲವರ ವಲಯ ಬದಲಾಯಿತು. ಲೆಕ್ಕ ಕೇಳುವ ಹಕ್ಕು ಲಿಪಿಯೊಡನೆ ಹೆಣೆದುಕೊಂಡಿದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ.

ಹಾಗೆಂದು ಗಾಂವ್ಕಾರಿಯನ್ನು ಆದರ್ಶ ಗ್ರಾಮಗಣರಾಜ್ಯವೆಂದು ಕೊಂಡಾಡುವುದು ಸರಿಯಲ್ಲ. ಗಾಂವ್ಕಾರತ್ವ ಗಂಡುಸಂತಾನದಲ್ಲಿ ಇಳಿದುಬರುವ ಹಕ್ಕಾಗಿತ್ತು. ಹೆಂಗಸರಿಗೆ, ಒಕ್ಕಲಾಗಿದ್ದ ಮುಂಡಕಾರರಿಗೆ, ಹೊರಗಿನಿಂದ ಬಂದು ನೆಲೆಸಿದವರಿಗೆ ಅದರಲ್ಲಿ ದನಿಯಿರಲಿಲ್ಲ. ಲೆಕ್ಕ ಕಟ್ಟುನಿಟ್ಟಾಗಿತ್ತು, ಬಾಗಿಲು ಇಕ್ಕಟ್ಟಾಗಿತ್ತು.

ಪೋರ್ಚುಗೀಸ್ ಆಳ್ವಿಕೆಯ ಕೊನೆಯ ವರ್ಷವಾದ 1961ರಲ್ಲಿ ಕೊಮುನಿದಾದ್ ಸಂಹಿತೆ ಜಾರಿಗೆ ಬಂದಿತು. ಕೊಮುನಿದಾದ್ ಎಂಬ ಹೆಸರಿನಲ್ಲಿ ಈ ಸಂಸ್ಥೆಗಳು ಈಗಲೂ ಭೂಮಿಯ ಒಡೆತನ ಹೊಂದಿವೆ. ದಕ್ಷಿಣ ವಲಯದ ಕೊಮುನಿದಾದ್ ಆಡಳಿತಾಧಿಕಾರಿಯ ಕಚೇರಿ ಮಡಗಾಂವಿನಲ್ಲಿಯೇ ಇದೆ. ಆದರೆ ವಿಮೋಚನೆಯ ಬಳಿಕ, 1962ರ ಗ್ರಾಮ ಪಂಚಾಯತಿ ನಿಯಮಾವಳಿಯೊಡನೆ, ಊರಿನ ಆಡಳಿತ ಚುನಾಯಿತ ಸಂಸ್ಥೆಗಳಿಗೆ ಸೇರಿತು. 1994ರ ಗೋವಾ ಪಂಚಾಯತ್ ರಾಜ್ ಕಾಯ್ದೆ ಗ್ರಾಮಸಭೆಗೆ ನಿಯತಕಾಲಿಕ ಸಭೆಗಳನ್ನೂ, ಪಂಚಾಯತಿಯ ಕಾಮಗಾರಿಗಳ ಮೇಲೆ ಕಣ್ಣಿಡುವ ಮೇಲ್ವಿಚಾರಣಾ ಸಮಿತಿಗಳನ್ನು ರಚಿಸುವ ಅವಕಾಶವನ್ನೂ ಕೊಟ್ಟಿತು. ಮತದಾರರ ಪಟ್ಟಿಯಲ್ಲಿ ಹೆಸರಿರುವ ಯಾರೇ ಆದರೂ ಸದಸ್ಯರು. ಶತಮಾನಗಳ ಕಾಲ ಇಕ್ಕಟ್ಟಾಗಿದ್ದ ಬಾಗಿಲು ಕಾನೂನಿನ ಮಟ್ಟಿಗಾದರೂ ಅಗಲವಾಯಿತು.

ಫಾತೋರ್ಡಾ ಈ ಕಥನದಿಂದ ಹೊರಗುಳಿಯುವುದು ಇಲ್ಲಿಯೇ. ಸುತ್ತಲಿನ ರಾಯ, ಕುಡ್ತರಿಯಂಥ ಹಳ್ಳಿಗಳಿಗೆ ಗ್ರಾಮಸಭೆಯುಂಟು. ನಗರಸಭೆಗೆ ಸೇರಿದ ಫಾತೋರ್ಡಾಕ್ಕೆ ಇಲ್ಲ. ಸಂವಿಧಾನದ 74ನೆಯ ತಿದ್ದುಪಡಿ ವಾರ್ಡ್ ಸಮಿತಿಗಳನ್ನು ಕಡ್ಡಾಯಗೊಳಿಸಿದ್ದು 3 ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನಸಂಖ್ಯೆಯ ನಗರಗಳಿಗೆ ಮಾತ್ರ. 2011ರ ಜನಗಣತಿಯಂತೆ ಮಡಗಾಂವ್ ನಗರಸಭೆಯ ಜನಸಂಖ್ಯೆ ಒಂದು ಲಕ್ಷವನ್ನೂ ಮುಟ್ಟಿರಲಿಲ್ಲ. ಹಳ್ಳಿಯ ಸೌಲಭ್ಯವೂ ಇಲ್ಲ, ಮಹಾನಗರದ ಸೌಲಭ್ಯವೂ ಇಲ್ಲ ಎಂಬ ಸ್ಥಿತಿ ಇದು. ಇದರ ಪರಿಣಾಮ ನಗರದ ಕಸದ ವಿಷಯದಲ್ಲಿ ಎದ್ದುಕಾಣುತ್ತದೆ. ಸೋನಸೊಡೊದ ಕಸದ ರಾಶಿಯ ಪ್ರಶ್ನೆ ಬಂಬಯಿ ಉಚ್ಚ ನ್ಯಾಯಾಲಯದ ಗೋವಾ ಪೀಠದ ಮೆಟ್ಟಿಲೇರಬೇಕಾಯಿತು. ನಾಗರಿಕರು ನಿಯತವಾಗಿ ಕೂಡಿ ಕೇಳಬೇಕಾದ ಲೆಕ್ಕವನ್ನು ನ್ಯಾಯಾಲಯ ಕೇಳಬೇಕಾಗಿ ಬಂದಿತು.

ಈ ಕೊರತೆ ಎಲ್ಲರಿಗೂ ಸಮಾನವಲ್ಲ. 2011ರ ಗಣತಿಯಲ್ಲಿ ಗೋವೆಯ ಜನರ ಪೈಕಿ ಶೇ. 4ಕ್ಕಿಂತ ಹೆಚ್ಚಿನವರು ಕನ್ನಡವನ್ನು ತಾಯ್ನುಡಿಯೆಂದು ದಾಖಲಿಸಿದ್ದಾರೆ. ಕರ್ನಾಟಕದ ಹಳ್ಳಿಯಿಂದ ದುಡಿಯಲು ಬಂದವರಿಗೆ ಗ್ರಾಮ ಪಂಚಾಯತಿಯ ಲೆಕ್ಕವನ್ನು ಜನರೆದುರು ಪರಿಶೀಲಿಸುವ ಜಮಾಬಂದಿ ಅಪರಿಚಿತವಲ್ಲ. ಇಲ್ಲಿ ಅವರಿಗೆ ಎರಡು ಹೊಸ್ತಿಲುಗಳು ಎದುರಾಗುತ್ತವೆ: ಮತದಾರರ ಪಟ್ಟಿ ಒಂದು, ಭಾಷೆ ಇನ್ನೊಂದು. 1987ರ ರಾಜಭಾಷಾ ಕಾಯ್ದೆ ದೇವನಾಗರಿ ಕೊಂಕಣಿಗೆ ಅಧಿಕೃತ ಸ್ಥಾನ ಕೊಟ್ಟು, ಮರಾಠಿಯ ಬಳಕೆಗೂ ಅವಕಾಶ ಕಲ್ಪಿಸಿತು. ದೀರ್ಘಕಾಲ ಹತ್ತಿಕ್ಕಲ್ಪಟ್ಟಿದ್ದ ಕೊಂಕಣಿಗೆ ಅದು ನ್ಯಾಯವಾಗಿಯೇ ಸಲ್ಲಬೇಕಾಗಿದ್ದ ಮನ್ನಣೆ. ಆದರೂ ಒಂದು ವಿಪರ್ಯಾಸ ಉಳಿಯುತ್ತದೆ: ಊರ ಲೆಕ್ಕ ಒಂದು ಕಾಲಕ್ಕೆ ಯಾವ ಲಿಪಿಯ ಸೋದರಲಿಪಿಯಲ್ಲಿತ್ತೋ, ಆ ಲಿಪಿಯನ್ನು ಮಾತ್ರ ಬಲ್ಲವರು ಇಂದು ಅದೇ ಊರಿನಲ್ಲಿ ಅನಕ್ಷರಸ್ಥರಿಗೆ ಸಮಾನರು.

ಗಾಂವ್ಕಾರಿ ದಾಖಲೆಯ ಶಿಸ್ತನ್ನು ಕಲಿಸುತ್ತದೆ. ಗ್ರ್ಯಾಂಡ್ ಜ್ಯೂರಿ ಚೀಟಿಯ ನಿಷ್ಪಕ್ಷಪಾತವನ್ನೂ ಉತ್ತರ ಪಡೆಯುವ ಗಡುವನ್ನೂ ಕಲಿಸುತ್ತದೆ. ಗ್ರಾಮಸಭೆ ಬಾಗಿಲಿನ ಅಗಲವನ್ನು ಕಲಿಸುತ್ತದೆ. ಸಣ್ಣ ನಗರಗಳಿಗೆ ಈ ಮೂರನ್ನೂ ಒಳಗೊಂಡ ವಾರ್ಡ್ ಸಭೆಯನ್ನು ಕಾನೂನಿನಲ್ಲಿ ಕಲ್ಪಿಸುವುದು ಅಸಾಧ್ಯವೇನಲ್ಲ. ಅದರ ಮುಂದಿಡುವ ಲೆಕ್ಕದ ಸಾರಾಂಶ ಆ ವಾರ್ಡಿನಲ್ಲಿ ವಾಸಿಸುವವರ ಭಾಷೆಗಳಲ್ಲಿ ಇರಬೇಕೆಂಬುದು ಅದರ ನಿಯಮಗಳಲ್ಲಿ ಮೊದಲನೆಯದಾಗಬೇಕು. ಭಾಷಾ ಅಲ್ಪಸಂಖ್ಯಾತರ ಹಕ್ಕುಗಳನ್ನು ಶಾಲೆ ಮತ್ತು ಸಾಹಿತ್ಯದ ನೆಲೆಯಲ್ಲಷ್ಟೇ ಚರ್ಚಿಸುತ್ತ ಬಂದಿರುವ ನಮ್ಮ ಅಧ್ಯಯನಗಳು ಇನ್ನು ನಗರಸಭೆಯ ಲೆಕ್ಕದ ಪುಸ್ತಕವನ್ನೂ ತೆರೆದು ನೋಡಬೇಕಾಗಿದೆ.