ಗುಲಾಬಿ ಚೌಕಳಿಯ ಒಂದು ಫ್ರಾಕು

ಇವತ್ತು ಬೆಂಗಳೂರಲ್ಲಿ ಬುಟೀಕ್ ಶುರುಮಾಡೋಕೆ ಅಂಗಡಿಯೇ ಬೇಕಿಲ್ಲ. ಚಿಕ್ಕಪೇಟೆಯಿಂದ ತಂದ ಬಟ್ಟೆ, ನಂಬಿಕಸ್ಥ ಟೈಲರ್, ಒಂದು ಇನ್‌ಸ್ಟಾಗ್ರಾಮ್ ಪೇಜು, ಮನೆ ಬಾಗಿಲಿಗೇ ಬರುವ ಕೊರಿಯರ್ ಹುಡುಗ, ಇಷ್ಟಿದ್ದರೆ ಆಯ್ತು. ಇದೆಲ್ಲ ಇಂಟರ್ನೆಟ್ಟಿನ ಕೊಡುಗೆ ಅಂದ್ಕೊಂಡಿರ್ತೀವಿ. ಆದರೆ ಅಂಗಡಿಯಿಲ್ಲದೆ ಬಟ್ಟೆ ಮಾರಿ ಗೆದ್ದ ಹೆಣ್ಣುಮಗಳ ಕಥೆ ಬೇಕಿದ್ದರೆ 1964ರ ಲಂಡನ್ನಿಗೆ ಹೋಗಬೇಕು.

ಬಾರ್ಬರಾ ಹುಲಾನಿಕಿ ಹುಟ್ಟಿದ್ದು ವಾರ್ಸಾದಲ್ಲಿ. ಲಂಡನ್ನಿನಲ್ಲಿ ಪತ್ರಿಕೆಗಳಿಗೆ ಫ್ಯಾಷನ್ ಚಿತ್ರ ಬರೆದುಕೊಡುತ್ತಿದ್ದಳು. ಗಂಡ ಸ್ಟೀಫನ್ ಫಿಟ್ಜ್-ಸೈಮನ್ ಜಾಹೀರಾತು ಕೆಲಸದವನು. ಇಬ್ಬರೂ ಸೇರಿ ಅಂಚೆಯಲ್ಲಿ ಬಟ್ಟೆ ಮಾರುವ ವ್ಯಾಪಾರ ಶುರುಮಾಡಿ, ಅದಕ್ಕೆ ಆಕೆಯ ತಂಗಿಯ ಮುದ್ದುಹೆಸರು ‘ಬೀಬಾ’ ಅಂತ ಇಟ್ಟರು. 1964ರಲ್ಲಿ ‘ಡೇಲಿ ಮಿರರ್’ ಪತ್ರಿಕೆ ಆಕೆಯ ಗುಲಾಬಿ ಚೌಕಳಿ ಫ್ರಾಕನ್ನು ಓದುಗರ ಮುಂದಿಟ್ಟಿತು. ಜೊತೆಗೊಂದು ತಲೆವಸ್ತ್ರ. ಬೆಲೆ 25 ಶಿಲಿಂಗ್. ಬಂದ ಆರ್ಡರ್ ಎಷ್ಟು ಗೊತ್ತಾ? ಸುಮಾರು 17,000!

ಕೊಂಡವರು ಶ್ರೀಮಂತರ ಮನೆಯವರಲ್ಲ. ಟೈಪಿಸ್ಟುಗಳು, ಅಂಗಡಿಯಲ್ಲಿ ಕೆಲಸ ಮಾಡುವ ಹುಡುಗಿಯರು. ಸ್ವಂತ ಸಂಬಳ ಕೈಗೆ ಬರ್ತಿತ್ತು, ಆದರೆ ಅದಕ್ಕೆ ತಕ್ಕ ಬೆಲೆಯಲ್ಲಿ ಅವರ ವಯಸ್ಸಿಗೆ ಒಪ್ಪುವ ಬಟ್ಟೆ ಸಿಗ್ತಿರಲಿಲ್ಲ. ಹುಲಾನಿಕಿ ಹಿಡಿದದ್ದು ಈ ನಾಡಿಮಿಡಿತವನ್ನು. ಅದೇ ವರ್ಷ ಅಬಿಂಗ್‌ಡನ್ ರಸ್ತೆಯ ಹಳೇ ಔಷಧಿ ಅಂಗಡಿಯೊಂದು ಬೀಬಾದ ಮೊದಲ ಮಳಿಗೆಯಾಯಿತು. 1973ರ ಹೊತ್ತಿಗೆ ಬೀಬಾ ಏಳು ಅಂತಸ್ತಿನ ಕಟ್ಟಡದಲ್ಲಿತ್ತು.

ಬೆಳೆಯೋಕೆ ದುಡ್ಡು ಬೇಕಲ್ಲ? ಆ ದಾರಿಯಲ್ಲಿ ಮುಕ್ಕಾಲು ಪಾಲು ‘ಡೊರೊಥಿ ಪರ್ಕಿನ್ಸ್’ ಕಂಪನಿಗೆ ಹೋಗಿತ್ತು. ಆಮೇಲೆ ಆ ಕಂಪನಿಯನ್ನೇ ‘ಬ್ರಿಟಿಷ್ ಲ್ಯಾಂಡ್’ ಅನ್ನೋ ಆಸ್ತಿ ವ್ಯವಹಾರದ ಸಂಸ್ಥೆ ಕೊಂಡಿತು. ಫ್ರಾಕು ಗೊತ್ತಿದ್ದವಳ ಮಾತಿಗಿಂತ ಲೆಕ್ಕಪುಸ್ತಕದವರ ಮಾತೇ ನಡೆಯತೊಡಗಿತು. 1975ರಲ್ಲಿ ಬಾಗಿಲು ಬಿತ್ತು. ತಂಗಿಯ ಮುದ್ದುಹೆಸರೂ ಕೈಬಿಟ್ಟುಹೋಯಿತು. ಮುಂದೆ ಅದೇ ಹೆಸರಿನಲ್ಲಿ ಬೇರೆಯವರು ಆಕೆಯಿಲ್ಲದೆಯೇ ಅಂಗಡಿ ತೆರೆದರು.

ಈಗ 2006ರ ಸ್ಯಾನ್ ಫ್ರಾನ್ಸಿಸ್ಕೊ. 22 ವರ್ಷದ ಸೋಫಿಯಾ ಅಮೊರುಸೊ ‘ಈಬೇ’ಯಲ್ಲಿ ‘ನ್ಯಾಸ್ಟಿ ಗ್ಯಾಲ್’ ಹೆಸರಲ್ಲಿ ಹಳೇ ಬಟ್ಟೆ ಮಾರಲು ಕೂತಳು. ಸೆಕೆಂಡ್‌ಹ್ಯಾಂಡ್ ಅಂಗಡಿಗಳಲ್ಲಿ ಹುಡುಕಿ ತರೋದು, ಚೆನ್ನಾಗಿ ತೊಡಿಸಿ ಫೋಟೊ ತೆಗೆಯೋದು, ಹರಾಜಿಗಿಡೋದು. ಎಂಟು ಡಾಲರಿಗೆ ಸಿಕ್ಕ ಶನೆಲ್ ಜಾಕೆಟ್ ಸಾವಿರ ಡಾಲರಿಗೂ ಮೇಲೆ ಹೋಯಿತಂತೆ. ಮೈಸ್ಪೇಸಿನಲ್ಲಿ ಗಿರಾಕಿಗಳನ್ನು ಗೆಳತಿಯರಂತೆ ಮಾತಾಡಿಸುತ್ತಿದ್ದಳು. 2008ರಲ್ಲಿ ಸ್ವಂತ ವೆಬ್‌ಸೈಟ್. 2012ರಲ್ಲಿ ‘ಇಂಡೆಕ್ಸ್ ವೆಂಚರ್ಸ್’ನಿಂದ ಕೋಟಿಗಟ್ಟಲೆ ಡಾಲರ್ ಹೂಡಿಕೆ.

ಆಮೇಲೆ? ದೊಡ್ಡ ಗೋದಾಮು, ಲಾಸ್ ಏಂಜಲೀಸಿನಲ್ಲಿ ಅಂಗಡಿಗಳು, ಜಾಹೀರಾತಿಗೆ ಸುರಿದ ಹಣ. ಒಂದೊಂದೇ ಪೀಸು ಆರಿಸಿ ಮಾರುತ್ತಿದ್ದ ವ್ಯಾಪಾರಕ್ಕೆ ರಾಶಿಗಟ್ಟಲೆ ಸರಕಿನ ಭಾರ ಬಿತ್ತು. ಮಾರಾಟ ಏರುವುದು ನಿಂತ ದಿನ ಇಷ್ಟೆಲ್ಲ ಖರ್ಚು ಹಾಗೇ ಉಳಿಯಿತು. 2015ರಲ್ಲಿ ಆಕೆ ಸಿಇಒ ಕುರ್ಚಿ ಬಿಟ್ಟಳು, 2016ರ ನವೆಂಬರಿನಲ್ಲಿ ಕಂಪನಿ ದಿವಾಳಿ ಅರ್ಜಿ ಹಾಕಿತು. ಮರುವರ್ಷ ಬ್ರಿಟನ್ನಿನ ‘ಬೂಹೂ’ ಆ ಹೆಸರನ್ನು 2 ಕೋಟಿ ಡಾಲರಿಗೆ ಕೊಂಡಿತು.

ಇಬ್ಬರೂ ಬಟ್ಟೆಯಲ್ಲಿ ಸೋತವರಲ್ಲ ಅನ್ನೋದು ಗಮನಿಸಬೇಕಾದ್ದು. ಗಿರಾಕಿಯ ಮನಸ್ಸು ಇಬ್ಬರಿಗೂ ಅಂಗೈ ಗೆರೆಯಷ್ಟು ಸ್ಪಷ್ಟವಾಗಿ ಗೊತ್ತಿತ್ತು. ಒಬ್ಬಳ ಕೈಯಿಂದ ಪಾಲು ಜಾರಿತು, ಇನ್ನೊಬ್ಬಳ ಕೈಯಿಂದ ಖರ್ಚು. ಕೊನೆಗೆ ಇಬ್ಬರ ವಿಷಯದಲ್ಲೂ ಮಾರಾಟವಾಗಿ ಉಳಿದದ್ದು ಹೆಸರು ಮಾತ್ರ.

ಅದಕ್ಕೇ ಪೇಜು ಶುರುಮಾಡಿರೋ ಗೆಳತಿ ಸಿಕ್ಕಾಗ ‘ಫಾಲೋವರ್ಸ್ ಎಷ್ಟು?’ ಅಂತ ಕೇಳಿ, ತಪ್ಪಿಲ್ಲ. ಹಾಗೇ ಇನ್ನೊಂದು ಪ್ರಶ್ನೆಯನ್ನೂ ಕೇಳಿಬಿಡಿ: ಬ್ರ್ಯಾಂಡು ಯಾರ ಹೆಸರಲ್ಲಿ ರಿಜಿಸ್ಟರ್ ಆಗಿದೆ?