ದುಬೈ ಸಂಬಳ, ಹುಬ್ಬಳ್ಳಿ ಲೆಕ್ಕ

ತಿಂಗಳಿಗೆ 8,000 ದಿರ್ಹಮ್ ಸಂಬಳ. ನೇಮಕಾತಿ ಪತ್ರದಲ್ಲಿ ಇಂಥದೊಂದು ಅಂಕಿ ಕಂಡ ಕೂಡಲೇ ವಿದ್ಯಾನಗರದ ಮನೆಯಾಗಲಿ, ಮಾಳಮಡ್ಡಿಯ ಮನೆಯಾಗಲಿ, ಮೊದಲು ನಡೆಯುವುದು ಗುಣಾಕಾರ. 2025ರಲ್ಲಿ ಒಂದು ದಿರ್ಹಮ್‌ನ ಬೆಲೆ ಹೆಚ್ಚುಕಡಿಮೆ 23ರಿಂದ 25 ರೂಪಾಯಿಗಳ ನಡುವೆ ಓಡಾಡಿತು. 24 ರೂಪಾಯಿ ಹಿಡಿದರೆ ತಿಂಗಳಿಗೆ 1.92 ಲಕ್ಷ. ಅಲ್ಲಿ ಸಂಬಳದ ಮೇಲೆ ಆದಾಯ ತೆರಿಗೆಯೂ ಇಲ್ಲ. ಮನೆಯವರು ಗೋಕುಲ ರಸ್ತೆಯಲ್ಲಿ ನಿವೇಶನದ ದರ ವಿಚಾರಿಸಲು ಇಷ್ಟು ಸಾಕು.

ಆದರೆ ಇದು ಅರ್ಧ ಲೆಕ್ಕ. ಸಂಬಳವನ್ನು ರೂಪಾಯಿಗೆ ಪರಿವರ್ತಿಸಿದ ದರದಲ್ಲಿಯೇ ಖರ್ಚನ್ನೂ ಪರಿವರ್ತಿಸಿದಾಗ ಚಿತ್ರ ಬದಲಾಗುತ್ತದೆ. ಒಂದೇ ಸಂಬಳ ಒಂಟಿಯಾಗಿ ಹೋದವರಿಗೆ ಉಳಿತಾಯದ ದಾರಿಯಾದರೆ, ಹೆಂಡತಿ-ಮಕ್ಕಳನ್ನು ಕರೆದುಕೊಂಡು ಹೋದವರಿಗೆ ತಿಂಗಳ ಕೊನೆ ಮುಟ್ಟಿಸುವ ಹೋರಾಟವಾಗುವುದುಂಟು. ಹುಬ್ಬಳ್ಳಿ-ಧಾರವಾಡದಿಂದ ಕೊಲ್ಲಿಗೆ ಹೊರಡುವ ಮಧ್ಯಮ ವರ್ಗದ ಕುಟುಂಬಗಳು ಮುಂಚಿತವಾಗಿ ತಿಳಿದಿರಬೇಕಾದ ವೆಚ್ಚಗಳ ವಿವರ ಇಲ್ಲಿದೆ.

ರೂಪಾಯಿಯೇ ನಡೆಯುತ್ತಿದ್ದ ಊರು

ಈ ಗುಣಾಕಾರದ ಅಗತ್ಯವೇ ಇಲ್ಲದ ಕಾಲವೊಂದಿತ್ತು. 1960ರ ದಶಕದ ಮಧ್ಯದವರೆಗೆ ದುಬೈ ಸೇರಿದಂತೆ ಕೊಲ್ಲಿಯ ಹಲವು ನಾಡುಗಳಲ್ಲಿ ಚಲಾವಣೆಯಲ್ಲಿದ್ದುದು ಭಾರತದ ರೂಪಾಯಿ. 1959ರಲ್ಲಿ ಭಾರತೀಯ ರಿಸರ್ವ್ ಬ್ಯಾಂಕ್ ಆ ಪ್ರದೇಶಕ್ಕೆಂದೇ ಪ್ರತ್ಯೇಕ ನೋಟುಗಳನ್ನು ಮುದ್ರಿಸಿತು. 1966ರ ಜೂನ್‌ನಲ್ಲಿ ರೂಪಾಯಿ ಅಪಮೌಲ್ಯಗೊಂಡ ಮೇಲೆ ದುಬೈ ಆ ನಾಣ್ಯವನ್ನು ಕೈಬಿಟ್ಟಿತು. ಈಗಿನ ದಿರ್ಹಮ್ ಬಂದದ್ದು 1973ರಲ್ಲಿ.

1997ರಿಂದ ಒಂದು ಡಾಲರ್‌ಗೆ 3.6725 ದಿರ್ಹಮ್ ಎಂಬ ದರವನ್ನು ನಿಗದಿಪಡಿಸಲಾಗಿದೆ. ಹೀಗಾಗಿ ಡಾಲರ್ ಎದುರು ರೂಪಾಯಿ ಕುಸಿದಂತೆಲ್ಲ ದಿರ್ಹಮ್ ಎದುರೂ ಅಷ್ಟೇ ಕುಸಿಯುತ್ತದೆ. 2005ರ ಸುಮಾರಿಗೆ 12 ರೂಪಾಯಿ ಇದ್ದ ದಿರ್ಹಮ್ ಎರಡು ದಶಕಗಳಲ್ಲಿ ಎರಡು ಪಟ್ಟಾಗಿದೆ. ಊರಿಗೆ ಹಣ ಕಳಿಸುವವರಿಗೆ ಇದು ಲಾಭ. ದುಬೈಯಲ್ಲಿಯೇ ಗಳಿಸಿ ದುಬೈಯಲ್ಲಿಯೇ ಖರ್ಚು ಮಾಡುವ ಕುಟುಂಬಕ್ಕೆ ಇದರಿಂದ ಬಿಡಿಗಾಸಿನ ಪ್ರಯೋಜನವೂ ಇಲ್ಲ.

ಮನೆ ಬಾಡಿಗೆ: ಚೆಕ್ ಪುಸ್ತಕದ ವ್ಯವಹಾರ

ಅವಳಿ ನಗರದಲ್ಲಿ ಬಾಡಿಗೆ ಎಂದರೆ ಕೆಲವು ತಿಂಗಳ ಮುಂಗಡ ಕೊಟ್ಟು, ತಿಂಗಳು ತಿಂಗಳು ಮಾಲೀಕರ ಕೈಗೆ ಅಥವಾ ಖಾತೆಗೆ ಹಣ ಹಾಕುವುದು. ದುಬೈಯಲ್ಲಿ ಬಾಡಿಗೆಯನ್ನು ಹೇಳುವುದೇ ವರ್ಷದ ಲೆಕ್ಕದಲ್ಲಿ. ಕರಾರಿಗೆ ಸಹಿ ಹಾಕುವಾಗಲೇ ಇಡೀ ವರ್ಷದ ಬಾಡಿಗೆಯನ್ನು ಮುಂದಿನ ದಿನಾಂಕಗಳ ಚೆಕ್‌ಗಳಾಗಿ ಬರೆದುಕೊಡುವುದು ವಾಡಿಕೆ. ಒಂದು, ಎರಡು, ನಾಲ್ಕು ಅಥವಾ ಆರು ಚೆಕ್‌ಗಳಿಗೆ ಮಾತುಕತೆ ನಡೆಯುತ್ತದೆ. ಚೆಕ್‌ಗಳು ಕಡಿಮೆಯಾದಷ್ಟೂ ಬಾಡಿಗೆ ಇಳಿಸಲು ಮಾಲೀಕರು ಒಪ್ಪುವುದುಂಟು. ಕೈಯಲ್ಲಿ ಇಡಗಂಟು ಇಲ್ಲದವರೇ ಹೆಚ್ಚು ಬಾಡಿಗೆ ತೆರಬೇಕಾಗಿ ಬರುವುದು ಈ ಪದ್ಧತಿಯ ವಿಪರ್ಯಾಸ.

ಉದಾಹರಣೆಗೆ, ಒಂದು ಕೋಣೆ ಮತ್ತು ಹಜಾರದ ಸಾಧಾರಣ ಮನೆಗೆ ವರ್ಷಕ್ಕೆ 60,000 ದಿರ್ಹಮ್ ಬಾಡಿಗೆ, ನಾಲ್ಕು ಚೆಕ್ ಎಂದು ಇಟ್ಟುಕೊಳ್ಳೋಣ. ಮೊದಲ ಚೆಕ್ 15,000. ಪೀಠೋಪಕರಣವಿಲ್ಲದ ಮನೆಗೆ ಸಾಮಾನ್ಯವಾಗಿ ಬಾಡಿಗೆಯ ಶೇ. 5ರಷ್ಟು ಠೇವಣಿ, ಅಂದರೆ 3,000. ದಲ್ಲಾಳಿಯ ಶೇ. 5 ಕಮಿಷನ್ ಮತ್ತು ಅದರ ಮೇಲಿನ ಮೌಲ್ಯವರ್ಧಿತ ತೆರಿಗೆ ಸೇರಿ 3,150. ವಿದ್ಯುತ್ ಮತ್ತು ನೀರಿನ ಸಂಪರ್ಕಕ್ಕೆ ಫ್ಲ್ಯಾಟ್ ಆದರೆ 2,000 ದಿರ್ಹಮ್ ಠೇವಣಿ, ವಿಲ್ಲಾ ಆದರೆ 4,000. ಕರಾರನ್ನು ‘ಇಜಾರಿ’ ಎಂಬ ಸರ್ಕಾರಿ ವ್ಯವಸ್ಥೆಯಲ್ಲಿ ನೋಂದಾಯಿಸಲು ಸುಮಾರು 200. ಒಟ್ಟು 23,350 ದಿರ್ಹಮ್, ಅಂದರೆ ಐದೂವರೆ ಲಕ್ಷ ರೂಪಾಯಿಗೂ ಹೆಚ್ಚು. ಕೀಲಿ ಕೈಗೆ ಬರುವ ಮುನ್ನವೇ ಈ ಹಣ ಹೋಗಬೇಕು. ಬಾಗಿಲು ತೆರೆದರೆ ಒಳಗೆ ಫ್ರಿಜ್ ಇಲ್ಲ, ಒಲೆ ಇಲ್ಲ, ಮಂಚವೂ ಇಲ್ಲ.

ಮೊದಲ ಸಂಬಳ ಬರುವುದು ತಿಂಗಳು ಕಳೆದ ಮೇಲೆ. ಈ ಆರಂಭಿಕ ಮೊತ್ತವನ್ನು ಹೊಂದಿಸಲು ಕೆಲವರು ಅಲ್ಲಿಯ ಬ್ಯಾಂಕಿನಲ್ಲಿ ಸಾಲ ಮಾಡುತ್ತಾರೆ, ಕೆಲವರು ಊರಿನಲ್ಲಿ ಬಂಗಾರ ಅಡವಿಡುತ್ತಾರೆ. ಕಂಪನಿ ಬಾಡಿಗೆಯ ಮುಂಗಡ ಕೊಡುತ್ತದೆಯೇ ಎಂಬುದನ್ನು ಸಂಬಳದಷ್ಟೇ ಮುಖ್ಯ ಪ್ರಶ್ನೆಯಾಗಿ ಸಂದರ್ಶನದಲ್ಲಿಯೇ ಕೇಳುವುದು ಒಳ್ಳೆಯದು. ಸಂಕೋಚ ಬೇಕಿಲ್ಲ, ಅಲ್ಲಿ ಇದು ಮಾಮೂಲಿ ವಿಷಯ.

ಕೊಟ್ಟ ಚೆಕ್‌ಗೆ ಖಾತೆಯಲ್ಲಿ ಹಣವಿಲ್ಲದಿದ್ದರೆ ಜೈಲು ಎಂಬ ಭಯ ಹಳೆಯದು. 2022ರ ಜನವರಿಯಿಂದ ಹಣದ ಕೊರತೆಯಿಂದ ಚೆಕ್ ಮರಳುವುದನ್ನು ಬಹುಮಟ್ಟಿಗೆ ಕ್ರಿಮಿನಲ್ ಅಪರಾಧಗಳ ಪಟ್ಟಿಯಿಂದ ತೆಗೆಯಲಾಗಿದೆ. ಆದರೆ ವಂಚನೆಯ ಉದ್ದೇಶವಿದ್ದರೆ ಶಿಕ್ಷೆ ಈಗಲೂ ಇದೆ. ಅಲ್ಲದೆ ಹಣ ಪಡೆಯಬೇಕಾದವರು ನೇರವಾಗಿ ನ್ಯಾಯಾಲಯದ ವಸೂಲಿ ಪ್ರಕ್ರಿಯೆಗೆ ಹೋಗಬಹುದು.

ವರ್ಷ ತುಂಬಿದಾಗ ಬಾಡಿಗೆ ಏರಿಕೆಯ ಮಾತು ಬರುತ್ತದೆ. ಇದಕ್ಕೆ ದುಬೈಯಲ್ಲಿ 2013ರ ಆದೇಶವೊಂದು ಮಿತಿ ಹಾಕಿದೆ. ಈಗಿನ ಬಾಡಿಗೆ ಆ ಪ್ರದೇಶದ ಸರಾಸರಿಗಿಂತ ಎಷ್ಟು ಕಡಿಮೆಯಿದೆ ಎಂಬುದರ ಮೇಲೆ ಏರಿಕೆ ಶೇ. 5ರಿಂದ ಶೇ. 20ರವರೆಗೆ ಇರಬಹುದು. ವ್ಯತ್ಯಾಸ ಶೇ. 10ರೊಳಗೆ ಇದ್ದರೆ ಏರಿಸುವಂತೆಯೇ ಇಲ್ಲ. 90 ದಿನ ಮುಂಚಿತವಾಗಿ ನೋಟಿಸ್ ಕೊಡಬೇಕು. 2025ರ ಜನವರಿಯಲ್ಲಿ ಸರಾಸರಿ ಗುರುತಿಸುವ ಸೂಚ್ಯಂಕವನ್ನು ಕಟ್ಟಡವಾರು ಮಾಡಲಾಗಿದ್ದು, ಬಾಡಿಗೆದಾರರು ಅದನ್ನು ಅಂತರ್ಜಾಲದಲ್ಲಿ ಸ್ವತಃ ನೋಡಬಹುದು.

ವಿದ್ಯುತ್ ಬಿಲ್ಲಿನೊಳಗಿನ ತೆರಿಗೆ

ಗೃಹಬಳಕೆಯ ವಿದ್ಯುತ್ತಿಗೆ ಮೊದಲ 2,000 ಯುನಿಟ್‌ಗಳವರೆಗೆ ಮೂಲ ದರ ಯುನಿಟ್‌ಗೆ 23 ಫಿಲ್ಸ್, ಅಂದರೆ ಸುಮಾರು ಐದೂವರೆ ರೂಪಾಯಿ. ಹೆಸ್ಕಾಂ ದರ ನೋಡಿದವರಿಗೆ ಇದು ದುಬಾರಿ ಎನಿಸದು. ಆದರೆ 2023ರಿಂದ ಗೃಹಜ್ಯೋತಿಯ 200 ಯುನಿಟ್ ಮಿತಿಯೊಳಗೆ ಬದುಕಲು ಕಲಿತ ಮನೆಯೊಂದು ದುಬೈಯ ಬೇಸಿಗೆಯಲ್ಲಿ ಹಗಲಿರುಳು ಎಸಿ ಓಡಿಸುವಾಗ ಯುನಿಟ್‌ಗಳ ಲೆಕ್ಕವೇ ಬೇರೆಯಾಗುತ್ತದೆ. ಕೆಲವು ಕಟ್ಟಡಗಳಲ್ಲಿ ಎಸಿಗೆ ಬೇಕಾದ ತಂಪು ನೀರನ್ನು ಬೇರೊಂದು ಕಂಪನಿ ಪೂರೈಸುತ್ತದೆ. ಅದರ ಬಿಲ್ಲು ಪ್ರತ್ಯೇಕ. ಜಾಹೀರಾತಿನಲ್ಲಿ ‘ಚಿಲ್ಲರ್ ಫ್ರೀ’ ಎಂದಿದ್ದರೆ ಈ ಬಿಲ್ಲು ಮಾಲೀಕರದು. ಇಲ್ಲದಿದ್ದರೆ ಕೇಳಿ ತಿಳಿಯಬೇಕು.

ಈ ಬಿಲ್ಲಿನಲ್ಲಿಯೇ ‘ವಸತಿ ಶುಲ್ಕ’ ಎಂಬ ಸಾಲೊಂದು ಇರುತ್ತದೆ. ವರ್ಷದ ಬಾಡಿಗೆಯ ಶೇ. 5ರಷ್ಟನ್ನು ಹನ್ನೆರಡು ಕಂತುಗಳಲ್ಲಿ ನಗರಾಡಳಿತ ಹೀಗೆ ವಸೂಲು ಮಾಡುತ್ತದೆ. 60,000 ದಿರ್ಹಮ್ ಬಾಡಿಗೆಯ ಮನೆಗೆ ತಿಂಗಳಿಗೆ 250. ಆದಾಯ ತೆರಿಗೆ ಇಲ್ಲವೆಂದು ಹೋದವರು ಮೊದಲ ಬಿಲ್ಲಿನಲ್ಲಿ ಇದನ್ನು ಕಂಡು ಅಚ್ಚರಿಪಡುತ್ತಾರೆ. 2018ರ ಜನವರಿಯಿಂದ ಬಹುತೇಕ ಸರಕು-ಸೇವೆಗಳ ಮೇಲೆ ಶೇ. 5 ಮೌಲ್ಯವರ್ಧಿತ ತೆರಿಗೆಯೂ ಇದೆ.

ಒಂಟಿಯಾಗಿ ಹೋದರೆ

ಮೇಲಿನ ಲೆಕ್ಕದಿಂದ ತಪ್ಪಿಸಿಕೊಳ್ಳಲು ಒಂಟಿ ನೌಕರರು ಹಿಡಿಯುವ ದಾರಿ ‘ಬೆಡ್ ಸ್ಪೇಸ್’, ಅಂದರೆ ಹಂಚಿಕೊಂಡ ಕೋಣೆಯಲ್ಲಿ ಒಂದು ಮಂಚದ ಬಾಡಿಗೆ. ಕರಾಮಾ, ಬರ್ ದುಬೈ, ದೇರಾ ಮೊದಲಾದ ಹಳೆಯ ಬಡಾವಣೆಗಳಲ್ಲಿ ಇದು ದಶಕಗಳಿಂದ ನಡೆದು ಬಂದಿದೆ. ಆದರೆ ಒಂದೇ ಫ್ಲ್ಯಾಟನ್ನು ಹಲಗೆ ಗೋಡೆಗಳಿಂದ ಭಾಗ ಮಾಡಿ ಬಾಡಿಗೆಗೆ ಕೊಡುವುದರ ವಿರುದ್ಧ 2025ರ ಜೂನ್‌ನಲ್ಲಿ ದುಬೈ ನಗರಪಾಲಿಕೆ ಬಿಗಿ ಕಾರ್ಯಾಚರಣೆ ನಡೆಸಿತು. ಬೆಂಕಿ ಅನಾಹುತದ ಭಯ ಇದಕ್ಕೆ ಮುಖ್ಯ ಕಾರಣ. ಅಗ್ಗದ ಮಂಚ ಸಿಕ್ಕಿತೆಂದು ಅನುಮತಿಯಿಲ್ಲದ ಕಡೆ ಇಳಿದುಕೊಂಡವರು ರಾತ್ರೋರಾತ್ರಿ ಬೇರೆಡೆ ಹುಡುಕಬೇಕಾಗಿ ಬರಬಹುದು.

ಇನ್ನೊಂದು ದಾರಿ ಪಕ್ಕದ ಶಾರ್ಜಾದಲ್ಲಿ ಮನೆ ಮಾಡುವುದು. ಬಾಡಿಗೆ ಕಡಿಮೆ, ಆದರೆ ಬೆಳಗ್ಗೆ ಸಂಜೆ ಹೆದ್ದಾರಿಯ ವಾಹನ ದಟ್ಟಣೆಯಲ್ಲಿ ಕಳೆಯುವ ಹೊತ್ತು ಅದಕ್ಕೆ ತೆರುವ ಬೆಲೆ. ಹುಬ್ಬಳ್ಳಿ-ಧಾರವಾಡ ನಡುವಣ 22 ಕಿ.ಮೀ. ಹಾದಿಯನ್ನು ಚಿಗರಿ ಬಸ್ಸಿನಲ್ಲಿ ಕ್ರಮಿಸುವ ಅಭ್ಯಾಸವಿದ್ದವರಿಗೆ ದೂರ ದೊಡ್ಡದಲ್ಲ, ಕಾಯುವಿಕೆ ದೊಡ್ಡದು. ದುಬೈ ಮೆಟ್ರೋ ಶಾರ್ಜಾವನ್ನು ಮುಟ್ಟುವುದಿಲ್ಲ. ನಗರದೊಳಗೆ ಮಾತ್ರ ಅದು ಅಗ್ಗ. ಸಾಮಾನ್ಯ ಕಾರ್ಡ್‌ಗೆ ದೂರಕ್ಕೆ ತಕ್ಕಂತೆ 3ರಿಂದ 7.50 ದಿರ್ಹಮ್. ಸ್ವಂತ ಕಾರಿನವರು 2025ರ ಜನವರಿ ಕೊನೆಯಿಂದ ದಟ್ಟಣೆಯ ಅವಧಿಯಲ್ಲಿ ಪ್ರತಿ ‘ಸಾಲಿಕ್’ ಸುಂಕದ ಗೇಟಿಗೆ 4ರ ಬದಲು 6 ದಿರ್ಹಮ್ ಕೊಡಬೇಕಾಗಿದೆ. ಭಾರತದ ಚಾಲನಾ ಪರವಾನಗಿ ಅಲ್ಲಿ ನೇರವಾಗಿ ಬದಲಾಗುವುದಿಲ್ಲ. ಪರೀಕ್ಷೆ ಪಾಸು ಮಾಡಲೇಬೇಕು, ಅದಕ್ಕೂ ಸಾವಿರಾರು ದಿರ್ಹಮ್ ಬೇಕು.

ಊಟದ ವಿಷಯದಲ್ಲಿ ಹೆಚ್ಚು ಆತಂಕ ಬೇಡ. ಜೋಳದ ಹಿಟ್ಟಿನಿಂದ ಹಿಡಿದು ಶೇಂಗಾದವರೆಗೆ ಭಾರತೀಯ ದಿನಸಿ ಎಲ್ಲವೂ ದೊರೆಯುತ್ತದೆ. ಅಡುಗೆ ಮಾಡಿಕೊಳ್ಳುವವರಿಗೆ ಖರ್ಚು ಹತೋಟಿಯಲ್ಲಿರುತ್ತದೆ.

ಕುಟುಂಬ ಬಂದರೆ

ಹೆಂಡತಿ-ಮಕ್ಕಳಿಗೆ ವೀಸಾ ಪಡೆಯಲು 2019ರ ನಿಯಮದಂತೆ 4,000 ದಿರ್ಹಮ್ ಸಂಬಳ, ಅಥವಾ 3,000 ಸಂಬಳದ ಜೊತೆ ವಸತಿ ಇದ್ದರೆ ಸಾಕು. ಈ ಅಂಕಿಯೇ ಹಲವರ ದಾರಿ ತಪ್ಪಿಸುತ್ತದೆ. ಅದು ವೀಸಾಗೆ ಬೇಕಾದ ಅರ್ಹತೆಯೇ ಹೊರತು ಸಂಸಾರ ನಡೆಸಲು ಸಾಲುವ ಮೊತ್ತವೆಂದು ಸರ್ಕಾರ ಹೇಳಿಲ್ಲ. ನೌಕರನ ಆರೋಗ್ಯ ವಿಮೆಯ ಹೊಣೆ ಕಂಪನಿಯದು. ದುಬೈಯಲ್ಲಿ ಅವಲಂಬಿತರಿಗೂ ವಿಮೆ ಕಡ್ಡಾಯ, ಆದರೆ ಕಂಪನಿ ಒಪ್ಪದಿದ್ದರೆ ಅದರ ಕಂತು ನೌಕರನ ಜೇಬಿನಿಂದಲೇ.

ಬಾಡಿಗೆ ಬಿಟ್ಟರೆ ದೊಡ್ಡ ಖರ್ಚು ಶಾಲೆಯದು. ವಲಸಿಗರ ಮಕ್ಕಳು ಓದುವುದು ಬಹುತೇಕ ಖಾಸಗಿ ಶಾಲೆಗಳಲ್ಲಿ. ಭಾರತೀಯ ಪಠ್ಯಕ್ರಮದ ಶಾಲೆಗಳ ಶುಲ್ಕ ಬ್ರಿಟಿಷ್ ಶಾಲೆಗಳಿಗಿಂತ ಸಾಕಷ್ಟು ಕಡಿಮೆ. 1961ರಲ್ಲಿ ಆರಂಭವಾದ ಇಂಡಿಯನ್ ಹೈಸ್ಕೂಲ್‌ನಂಥ ಲಾಭರಹಿತ ಸಂಸ್ಥೆಗಳಿಗೆ ಬೇಡಿಕೆ ಹೆಚ್ಚು. ಶುಲ್ಕ ಏರಿಕೆಗೆ ನಿಯಂತ್ರಣ ಪ್ರಾಧಿಕಾರದ ಮಿತಿಯಿದೆ. 2025-26ರ ಸಾಲಿಗೆ ಅದು ಶೇ. 2.35 ಇತ್ತು. ಶಾಲಾ ಬಸ್ಸು, ಸಮವಸ್ತ್ರ, ಪುಸ್ತಕ ಇವುಗಳ ಲೆಕ್ಕ ಬೇರೆ.

ಮಕ್ಕಳ ಓದಿನಲ್ಲಿ ಹಣಕ್ಕೆ ಸಂಬಂಧಿಸದ ಮತ್ತೊಂದು ತೊಡಕಿದೆ. ಅಲ್ಲಿ ಒಂಬತ್ತನೆಯ ತರಗತಿಯವರೆಗೆ ಅರಬ್ಬಿ ಕಡ್ಡಾಯ. ಮರಳಿ ಬಂದರೆ, 2015ರ ಕನ್ನಡ ಭಾಷಾ ಕಲಿಕಾ ಅಧಿನಿಯಮದಂತೆ ಕರ್ನಾಟಕದ ಸಿಬಿಎಸ್‌ಇ ಶಾಲೆಗಳಲ್ಲಿಯೂ ಕನ್ನಡ ಕಲಿಯಬೇಕು. ನಾಲ್ಕೈದು ವರ್ಷಗಳಲ್ಲಿ ಮರಳುವ ಯೋಚನೆಯಿದ್ದರೆ ಮನೆಯಲ್ಲಿ ಅಕ್ಷರ ತಿದ್ದಿಸುವುದನ್ನು ಬಿಡಬಾರದು.

ಬೇಸಿಗೆ ರಜೆ ಬರುವುದು ಜುಲೈ-ಆಗಸ್ಟ್‌ನಲ್ಲಿ. ಎಲ್ಲರೂ ಒಟ್ಟಿಗೆ ಊರಿಗೆ ಹೊರಡುವುದರಿಂದ ವಿಮಾನ ದರ ಶಿಖರಕ್ಕೇರುವುದೂ ಆಗಲೇ. ಹುಬ್ಬಳ್ಳಿಯವರು ಬೆಂಗಳೂರು, ಗೋವಾ ಅಥವಾ ಮಂಗಳೂರಿನಲ್ಲಿ ಇಳಿದು ಮುಂದೆ ರೈಲು, ಬಸ್ಸು ಹಿಡಿಯಬೇಕು. ನಾಲ್ವರ ಟಿಕೆಟ್ ವರ್ಷದ ಬಜೆಟ್ಟಿನಲ್ಲಿ ಪ್ರತ್ಯೇಕ ತಲೆಬರಹಕ್ಕೆ ಅರ್ಹ.

ಈಗ ಆರಂಭದ 8,000 ದಿರ್ಹಮ್‌ಗೆ ಮರಳೋಣ. 60,000ದ ಮನೆಗೆ ತಿಂಗಳಿಗೆ 5,000, ವಸತಿ ಶುಲ್ಕ 250. ಉಳಿದ 2,750ರಲ್ಲಿ ವಿದ್ಯುತ್, ದಿನಸಿ, ಫೋನ್, ಓಡಾಟ, ಶಾಲೆ, ವಿಮೆ, ಟಿಕೆಟ್ ಎಲ್ಲ ಆಗಬೇಕು. ಊರಿಗೆ ಕಳಿಸಲು ಏನೂ ಉಳಿಯದು, ಸಾಲವಾದರೂ ಆಶ್ಚರ್ಯವಿಲ್ಲ. ಅದೇ ವ್ಯಕ್ತಿ ಮಂಚಕ್ಕೆ 1,000, ಊಟ-ಓಡಾಟಕ್ಕೆ 1,500 ಖರ್ಚು ಮಾಡಿದರೆ 5,500 ದಿರ್ಹಮ್, ಅಂದರೆ 1.32 ಲಕ್ಷ ರೂಪಾಯಿ ಉಳಿಯುತ್ತದೆ. ಇದರಲ್ಲಿ ಇಲ್ಲಿಯ ಸಂಸಾರವೂ ನಡೆಯಬೇಕು, ಮನೆ ಸಾಲದ ಕಂತೂ ತೀರಬೇಕು. ವರ್ಷಕ್ಕೊಮ್ಮೆ ಮುಖ ತೋರಿಸುವ ತಂದೆ, ವಯಸ್ಸಾದ ಅತ್ತೆ-ಮಾವಂದಿರ ಆಸ್ಪತ್ರೆಯ ಓಡಾಟವನ್ನು ಒಬ್ಬಳೇ ನಿಭಾಯಿಸುವ ಸೊಸೆ, ಇವು ಯಾವ ದಿರ್ಹಮ್ ಲೆಕ್ಕಕ್ಕೂ ಸಿಗುವುದಿಲ್ಲ. ಆದರೂ ನಿರ್ಧಾರದ ದಿನ ಅವನ್ನು ಬಾಯಿಬಿಟ್ಟು ಮಾತಾಡಿಕೊಂಡ ಕುಟುಂಬಗಳು ಮುಂದೆ ಕಡಿಮೆ ಜಗಳವಾಡುತ್ತವೆ.

ಹೊರಡುವ ಮೊದಲಿನ ಖರ್ಚು

ಪಾಸ್‌ಪೋರ್ಟಿಗೆ ಬೆಂಗಳೂರಿಗೆ ಅಲೆಯಬೇಕಿಲ್ಲ. ಹುಬ್ಬಳ್ಳಿಯಲ್ಲಿಯೇ ಸೇವಾ ಕೇಂದ್ರವಿದೆ. ಪದವಿ ಬೇಡುವ ಹುದ್ದೆಗಳಿಗೆ ಪ್ರಮಾಣಪತ್ರವನ್ನು ರಾಜ್ಯ ಸರ್ಕಾರ, ವಿದೇಶಾಂಗ ಸಚಿವಾಲಯ ಮತ್ತು ಯುಎಇ ರಾಯಭಾರ ಕಚೇರಿಗಳಿಂದ ದೃಢೀಕರಿಸಿಕೊಳ್ಳಬೇಕು. ಹತ್ತನೆಯ ತರಗತಿ ಪಾಸಾಗದವರ ಪಾಸ್‌ಪೋರ್ಟ್‌ಗೆ ವಲಸೆ ಅನುಮತಿ ಬೇಕಾಗುತ್ತದೆ. ಇವರಿಗೆ ಕಡ್ಡಾಯವಾದ ಪ್ರವಾಸಿ ಭಾರತೀಯ ಬಿಮಾ ಯೋಜನೆಯ ಕಂತು ಕೆಲವೇ ನೂರು ರೂಪಾಯಿ, ಅಪಘಾತ ಪರಿಹಾರ 10 ಲಕ್ಷ.

ನೋಂದಾಯಿತ ನೇಮಕಾತಿ ಏಜೆಂಟರು ಪಡೆಯಬಹುದಾದ ಗರಿಷ್ಠ ಸೇವಾ ಶುಲ್ಕ 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿ. ವೀಸಾ ಮತ್ತು ನೇಮಕಾತಿಯ ವೆಚ್ಚವನ್ನು ನೌಕರನಿಂದ ವಸೂಲು ಮಾಡುವುದನ್ನು 2022ರ ಫೆಬ್ರವರಿಯಿಂದ ಜಾರಿಯಲ್ಲಿರುವ ಯುಎಇ ಕಾರ್ಮಿಕ ಕಾನೂನು ನಿಷೇಧಿಸಿದೆ. ವೀಸಾಗೆಂದು ಲಕ್ಷಗಟ್ಟಲೆ ಕೇಳುವವರ ಹೆಸರನ್ನು ಕೇಂದ್ರ ಸರ್ಕಾರದ ಇ-ಮೈಗ್ರೇಟ್ ತಾಣದಲ್ಲಿ ಹುಡುಕಿ ನೋಡಿದರೆ ಸತ್ಯ ತಿಳಿಯುತ್ತದೆ.

ನೇಮಕಾತಿ ಪತ್ರದಲ್ಲಿ ಒಟ್ಟು ಸಂಬಳಕ್ಕಿಂತ ಮೊದಲು ನೋಡಬೇಕಾದದ್ದು ಮೂಲ ವೇತನ. ವಲಸಿಗರಿಗೆ ಅಲ್ಲಿ ಭವಿಷ್ಯ ನಿಧಿಯಿಲ್ಲ, ಪಿಂಚಣಿಯಿಲ್ಲ. ಕೆಲಸ ಬಿಡುವಾಗ ಸಿಗುವ ಗ್ರಾಚ್ಯುಟಿ ಮೊದಲ ಐದು ವರ್ಷಗಳಿಗೆ ವರ್ಷಕ್ಕೆ 21 ದಿನಗಳ ಮೂಲ ವೇತನ, ನಂತರದ ವರ್ಷಗಳಿಗೆ 30 ದಿನಗಳದು. 8,000ದಲ್ಲಿ ಮೂಲ ವೇತನ 4,000 ಇದ್ದರೆ ಐದು ವರ್ಷಕ್ಕೆ 14,000 ದಿರ್ಹಮ್. 6,000 ಇದ್ದರೆ 21,000. ಒಟ್ಟು ಸಂಬಳ ಒಂದೇ ಆದರೂ ವ್ಯತ್ಯಾಸ 7,000 ದಿರ್ಹಮ್, ಅಂದರೆ 1.68 ಲಕ್ಷ ರೂಪಾಯಿ. ಸಹಿ ಹಾಕಿದ ಮೇಲೆ ಈ ಅಂಕಿಯನ್ನು ಬದಲಿಸುವುದು ಕಷ್ಟ.

ಅನಿವಾಸಿಯಾದ ಮೇಲೆ ಇಲ್ಲಿಯ ಸಾಮಾನ್ಯ ಉಳಿತಾಯ ಖಾತೆಯನ್ನು ಎನ್‌ಆರ್‌ಒ ಖಾತೆಯಾಗಿ ಬದಲಿಸಿಕೊಳ್ಳಬೇಕು. ದುಬೈಯಿಂದ ಬರುವ ಹಣಕ್ಕೆ ಎನ್‌ಆರ್‌ಇ ಖಾತೆ ತೆರೆದರೆ ಅದರ ಬಡ್ಡಿಗೆ ಭಾರತದಲ್ಲಿ ತೆರಿಗೆಯಿಲ್ಲ. ಎನ್‌ಆರ್‌ಒ ಖಾತೆಯ ಬಡ್ಡಿಗೆ ಮೂಲದಲ್ಲಿಯೇ ತೆರಿಗೆ ಕಡಿತವಾಗುತ್ತದೆ. ಹೊರಡುವ ಗಡಿಬಿಡಿಯಲ್ಲಿ ಬ್ಯಾಂಕ್ ಶಾಖೆಗೆ ಹೋಗುವುದನ್ನು ಮರೆತವರು ಮೊದಲ ರಜೆಗೆ ಬಂದಾಗಲಾದರೂ ಈ ಕೆಲಸ ಮುಗಿಸಿಕೊಳ್ಳುವುದು ಅಗತ್ಯ.