ಕೂಟಚಿತ್ರ ಪರೀಕ್ಷೆ

ಕೂಟರಚನೆಯು ಹೊಸ ವ್ಯಾಧಿಯಲ್ಲ. ಸಂಶಯಗ್ರಸ್ತವಾದ ಪತ್ರವನ್ನು ಶೋಧಿಸುವ ಕ್ರಮವು ಯಾಜ್ಞವಲ್ಕ್ಯಸ್ಮೃತಿಯಲ್ಲಿಯೇ ಉಕ್ತವಾಗಿದೆ. ಆರನೆಯ ವಿಕ್ರಮಾದಿತ್ಯನ (1076–1126) ಕಾಲದಲ್ಲಿ ಕಲ್ಯಾಣನಗರದ ವಿಜ್ಞಾನೇಶ್ವರನು ಅದನ್ನು ಮಿತಾಕ್ಷರೆಯಲ್ಲಿ ವಿವರಿಸಿರುವನು. ಕೈಬರಹವನ್ನು ಹೋಲಿಸಬೇಕು, ಚಿಹ್ನೆಗಳನ್ನು ನೋಡಬೇಕು, ಆ ದೇಶಕಾಲಗಳಲ್ಲಿ ಅಂಥ ವ್ಯವಹಾರವು ಸಂಭವವೇ ಎಂದು ವಿಚಾರಿಸಬೇಕು, ಉಭಯರ ಹಿಂದಣ ಸಂಬಂಧವನ್ನೂ, ದ್ರವ್ಯವು ಒದಗಿದ ಬಗೆಯನ್ನೂ ಅರಸಬೇಕು. ಚಿಹ್ನೆಯು ಇವುಗಳಲ್ಲಿ ಒಂದು ಮಾತ್ರವೆಂಬುದನ್ನು ವಾಚಕರು ಲಕ್ಷಿಸಬೇಕು.

ಪತ್ರಕ್ಕೆ ಹೇಳಿದ ಈ ನ್ಯಾಯವು ಚಿತ್ರಕ್ಕೂ ಸಲ್ಲುವುದು. 1917ರಲ್ಲಿ ಇಂಗ್ಲೆಂಡಿನ ಕಾಟಿಂಗ್ಲೆ ಗ್ರಾಮದ ಬಾಲಿಕೆಯರಿಬ್ಬರು ಯಕ್ಷಿಣಿಯರ ಛಾಯಾಚಿತ್ರಗಳನ್ನು ತೆಗೆದರು. ಪರೀಕ್ಷಕನೊಬ್ಬನು ಗಾಜಿನ ಫಲಕದಲ್ಲಿ ದೋಷವೇನೂ ಇಲ್ಲವೆಂದನು. ಅದು ದಿಟವೇ, ಏಕೆಂದರೆ ಮೋಸವಿದ್ದುದು ಫಲಕದಲ್ಲಲ್ಲ, ಕತ್ತರಿಸಿ ನಿಲ್ಲಿಸಿದ ಕಾಗದದ ಬೊಂಬೆಗಳಲ್ಲಿ! ಪತ್ತೇದಾರಿ ಕಥೆಗಳ ಕರ್ತೃವಾದ ಕಾನನ್ ಡಾಯ್ಲ್‌ನೇ 1920ರಲ್ಲಿ ಅವನ್ನು ನಂಬಿ ಪ್ರಕಟಿಸಿದನು. ಸತ್ಯವು ಒಪ್ಪಿಗೆಯಾಗಿ ಹೊರಬಿದ್ದುದು 1983ರಲ್ಲಿ.

ಈಗ ಕೃತಕ ಬುದ್ಧಿಮತ್ತೆಯು ಬೊಂಬೆಯನ್ನೂ ಛಾಯಾಯಂತ್ರವನ್ನೂ ಬೇಡದೆ ಚಿತ್ರವನ್ನು ನಿರ್ಮಿಸುತ್ತದೆ. 2023ರ ಮಾರ್ಚಿಯಲ್ಲಿ, ಪೋಪ್ ಫ್ರಾನ್ಸಿಸರು ಉಬ್ಬಿದ ಬಿಳಿಯ ನಿಲುವಂಗಿ ತೊಟ್ಟಂತಿದ್ದ ಚಿತ್ರವನ್ನು ಜಗತ್ತು ನಂಬಿತು. ಸೂಕ್ಷ್ಮದೃಷ್ಟಿಯವರು ಅವರ ಬೆರಳುಗಳು ಲೋಟವನ್ನು ಸರಿಯಾಗಿ ಹಿಡಿದಿಲ್ಲದಿರುವುದನ್ನೂ, ಶಿಲುಬೆಯ ಸರಪಣಿಯು ಒಂದೇ ಪಕ್ಕದಲ್ಲಿರುವುದನ್ನೂ ಕಂಡುಹಿಡಿದರು. ಆರು ಬೆರಳು, ಜೊತೆಗೂಡದ ಓಲೆಗಳು, ಫಲಕಗಳ ಮೇಲೆ ಓದಲಾಗದ ಅಕ್ಷರಗಳು, ಬೆಳಕಿಗೆ ಹೊಂದದ ನೆರಳು: ಇಂಥವೇ ಆ ಕಾಲದ ಕೂಟಲಕ್ಷಣಗಳು.

ಆದರೆ ಈ ಲಕ್ಷಣಗಳು ಸ್ಥಿರವಲ್ಲ. 2014ರಲ್ಲಿ ಗುಡ್‌ಫೆಲೋ ಮೊದಲಾದವರು ಪ್ರಕಟಿಸಿದ ಒಂದು ವಿಧಾನದಲ್ಲಿ, ಒಂದು ಗಣಕಜಾಲವು ಚಿತ್ರವನ್ನು ರಚಿಸುವುದು, ಇನ್ನೊಂದು ಅದರ ಕಪಟವನ್ನು ಹಿಡಿಯಲೆಳಸುವುದು. ಹಿಡಿದ ಪ್ರತಿಯೊಂದು ತಪ್ಪೂ ಮೊದಲನೆಯದಕ್ಕೆ ಪಾಠವಾಗುವುದು. ಪರೀಕ್ಷಕನೇ ಕಪಟಿಗೆ ಗುರುವಾದನೆಂದ ಮೇಲೆ ಬೆರಳೆಣಿಸುವ ವಿದ್ಯೆಯು ಎಷ್ಟು ದಿನ ಬಾಳೀತು? ಇತ್ತೀಚಿನ ಯಂತ್ರಗಳು ಕೈಯನ್ನು ಬಹುಮಟ್ಟಿಗೆ ಸರಿಯಾಗಿಯೇ ಬರೆಯುತ್ತವೆ.

ಆದುದರಿಂದ ದೋಷವು ಕಂಡರೆ ಸಂಶಯಕ್ಕೆ ಕಾರಣವುಂಟು. ಕಾಣದಿದ್ದರೆ ಅದು ಸತ್ಯಕ್ಕೆ ಪ್ರಮಾಣವಾಗದು. ತೆಗೆದವರು ಯಾರು, ಎಲ್ಲಿ, ಎಂದು? ಮೊದಲು ಹೊರತಂದವರಾರು? ಅಲ್ಲಿದ್ದ ಅನ್ಯರು ಕಂಡರೇ? ಇವನ್ನು ಕೇಳದೆ ನಂಬಿದರೆ ನಿರಪರಾಧಿಯ ಮಾನವು ಹೋಗುವುದು. ಕೇಳದೆಯೇ ಎಲ್ಲವನ್ನೂ ಸುಳ್ಳೆಂದು ತಳ್ಳಿದರೆ ಅಪರಾಧಿಯು ನಿಜವಾದ ಚಿತ್ರವನ್ನೂ ಕೃತಕವೆಂದು ಹೇಳಿ ಪಾರಾಗುವನು. ಕಣ್ಣು ಸಾಕ್ಷಿ ಮಾತ್ರ, ತೀರ್ಪು ವಿಚಾರದ್ದು.